ದೇಹ, ದಾಖಲೆ ಮತ್ತು ದೀಕ್ಷೆ: ಮೈಕೇಲ್ ಡಿಲ್ಲನ್ ಅವರ ಜೀವನ

1

ಇಪ್ಪತ್ತನೆಯ ಶತಮಾನದ ವೈದ್ಯಕೀಯ ಚರಿತ್ರೆಯಲ್ಲಿ ಒಂದೇ ಹೆಸರು ವೈದ್ಯನದಾಗಿಯೂ ರೋಗಿಯದಾಗಿಯೂ ಗ್ರಂಥಕರ್ತನದಾಗಿಯೂ ದಾಖಲಾಗಿರುವ ಸಂದರ್ಭಗಳು ವಿರಳ. ಅಂತಹ ವಿರಳ ಹೆಸರುಗಳಲ್ಲಿ ಮೈಕೇಲ್ ಡಿಲ್ಲನ್ ಅವರದೂ ಒಂದು. ಹೆಣ್ಣೆಂದು ಗುರುತಿಸಲ್ಪಟ್ಟ ದೇಹದಲ್ಲಿ ಹುಟ್ಟಿ, ಪುರುಷನಾಗಿ ಬಾಳಿ, ಬೌದ್ಧ ಶ್ರಾಮಣೇರನಾಗಿ ಭಾರತದಲ್ಲಿ ತೀರಿಕೊಂಡ ಇವರನ್ನು, ಟೆಸ್ಟೋಸ್ಟೆರಾನ್ ಚಿಕಿತ್ಸೆ ಮತ್ತು ಶಿಶ್ನದ ಪುನಾರಚನೆ ಎರಡನ್ನೂ ಪಡೆದ ಮೊದಲ ಟ್ರಾನ್ಸ್ ಪುರುಷರೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಆದರೆ ‘ಮೊದಲಿಗ’ ಎಂಬ ಬಿರುದು ಈ ಬದುಕಿನ ಮುಖ್ಯ ಸಂಗತಿಯನ್ನು ಮರೆಮಾಡುವ ಅಪಾಯವೂ ಇದೆ. ತನ್ನ ದೇಹದೊಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಅಧಿಕಾರ ಯಾರದು ಎಂಬುದೇ ಆ ಮುಖ್ಯ ಸಂಗತಿ. ಡಿಲ್ಲನ್ ಅವರ ನಲವತ್ತೇಳು ವರ್ಷಗಳ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಡಿಲ್ಲನ್ ಅವರು 1915ರ ಮೇ 1ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಐರ್ಲೆಂಡಿನ ಲಿಸ್ಮಲ್ಲೆನ್ ಎಂಬಲ್ಲಿನ ಬ್ಯಾರನೆಟ್ ಮನೆತನಕ್ಕೆ ಸೇರಿದವರು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಮಗುವನ್ನೂ ಅದರ ಅಣ್ಣನನ್ನೂ ಕೆಂಟ್ ಪ್ರಾಂತ್ಯದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಸೋದರತ್ತೆಯರು ಸಾಕಿದರು. 1925ರಲ್ಲಿ ತಂದೆಯೂ ತೀರಿಕೊಂಡರು. ಬ್ಯಾರನೆಟ್ ಪದವಿ ಅಣ್ಣನಿಗೆ ಬಂದಿತು. ಈ ಪದವಿ ಗಂಡು ಸಂತಾನದ ಮೂಲಕವೇ ಮುಂದುವರಿಯತಕ್ಕದ್ದು ಎಂಬ ನಿಯಮ ಮುಂದೆ ಡಿಲ್ಲನ್ ಅವರ ಬದುಕನ್ನೇ ಬುಡಮೇಲು ಮಾಡಿತೆಂಬುದನ್ನು ಇಲ್ಲಿಯೇ ನೆನಪಿಡಬೇಕು.

ಆಕ್ಸ್‌ಫರ್ಡಿನಲ್ಲಿ ಮಹಿಳೆಯರಿಗಾಗಿದ್ದ ಸಂಸ್ಥೆಯೊಂದಕ್ಕೆ ಅವರು ಸೇರಿದರು. ಇದು ಮುಂದೆ ಸೇಂಟ್ ಆನ್ಸ್ ಕಾಲೇಜು ಆಯಿತು. ಮೊದಲು ದೇವತಾಶಾಸ್ತ್ರವನ್ನು ಆರಿಸಿಕೊಂಡಿದ್ದರೂ ಅನಂತರ ಗ್ರೀಕ್ ಮತ್ತು ಲ್ಯಾಟಿನ್ ಅಧ್ಯಯನಕ್ಕೆ ಬದಲಾಯಿಸಿಕೊಂಡು 1938ರಲ್ಲಿ ಪದವಿ ಪಡೆದರು. ವಿಶ್ವವಿದ್ಯಾಲಯದ ಮಹಿಳಾ ದೋಣಿ ಸ್ಪರ್ಧಾ ಸಂಘದ ಅಧ್ಯಕ್ಷತೆಯನ್ನೂ ವಹಿಸಿದ್ದರು. ತಮ್ಮನ್ನು ಹೆಣ್ಣೆಂದು ಭಾವಿಸುವುದು ಅವರಿಗೆ ಎಂದೂ ಸಾಧ್ಯವಾಗಿರಲಿಲ್ಲ. ಆದರೆ ಆ ಭಾವವನ್ನು ಹೇಳಿಕೊಳ್ಳುವುದಕ್ಕೆ ಬೇಕಾದ ಶಬ್ದ ಆಗಿನ ಇಂಗ್ಲಿಷ್ ಭಾಷೆಯಲ್ಲಿ ಬಳಕೆಗೆ ಬಂದಿರಲಿಲ್ಲ. ಅನುಭವ ಮೊದಲು, ಪರಿಭಾಷೆ ಅನಂತರ ಎಂಬುದಕ್ಕೆ ಈ ಬದುಕು ಒಂದು ನಿದರ್ಶನ.

3

ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದ್ದು 1935ರಲ್ಲಿ. ಇದಾದ ನಾಲ್ಕು ವರ್ಷಗಳಲ್ಲಿಯೇ, ಅಂದರೆ 1939ರಲ್ಲಿ, ಡಿಲ್ಲನ್ ಅವರು ಜಾರ್ಜ್ ಫಾಸ್ ಎಂಬ ವೈದ್ಯರನ್ನು ಕಂಡರು. ಮಹಿಳೆಯರ ಅತಿಯಾದ ಮುಟ್ಟಿನ ಸ್ರಾವಕ್ಕೆ ಟೆಸ್ಟೋಸ್ಟೆರಾನ್ ಮದ್ದಾಗಬಹುದೇ ಎಂದು ಫಾಸ್ ಪರೀಕ್ಷಿಸುತ್ತಿದ್ದರು. ಮೊದಲು ಮನೋವೈದ್ಯರನ್ನು ಕಾಣಬೇಕೆಂಬುದು ಅವರು ಹಾಕಿದ ನಿಬಂಧನೆ. ಆ ಮನೋವೈದ್ಯರು ವೃತ್ತಿಯ ಗೋಪ್ಯವನ್ನು ಕಾಯಲಿಲ್ಲ. ಡಿಲ್ಲನ್ ಕೆಲಸ ಮಾಡುತ್ತಿದ್ದ ಪ್ರಯೋಗಶಾಲೆಯವರೆಗೂ ಸುದ್ದಿ ಹಬ್ಬಿತು. ಫಾಸ್ ಕೊಟ್ಟ ಮಾತ್ರೆಗಳೊಂದಿಗೆ ಅವರು ಊರು ಬಿಟ್ಟು ಬ್ರಿಸ್ಟಲ್ ಸೇರಿದರು. ಅಲ್ಲಿ ಮೋಟಾರು ಗ್ಯಾರೇಜೊಂದರಲ್ಲಿ ದುಡಿದರು. ಯುದ್ಧಕಾಲದಲ್ಲಿ ಕೆಟ್ಟುನಿಂತ ವಾಹನಗಳನ್ನು ಎಳೆದು ತರುವುದೂ, ಬಾಂಬುದಾಳಿಯ ರಾತ್ರಿಗಳಲ್ಲಿ ಬೆಂಕಿಯ ಕಾವಲಿರುವುದೂ ಅವರ ಪಾಲಿನ ಕೆಲಸವಾಯಿತು. ಹಾರ್ಮೋನಿನ ಪರಿಣಾಮವಾಗಿ ದನಿ ಗಡುಸಾಯಿತು, ಮುಖದಲ್ಲಿ ಗಡ್ಡ ಮೂಡಿತು. ಅವರನ್ನು ಪುರುಷವಾಚಕದಿಂದಲೇ ಕರೆಯಬೇಕೆಂದು ಗ್ಯಾರೇಜಿನ ವ್ಯವಸ್ಥಾಪಕರು ಕೆಲಸಗಾರರಿಗೆ ಕಟ್ಟಪ್ಪಣೆ ಮಾಡಿದರು.

ಈ ಹಂತದಲ್ಲಿ ಟೆಸ್ಟೋಸ್ಟೆರಾನ್ ಮಾಡುವುದೇನು, ಮಾಡದಿರುವುದೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಗರ್ಭಸ್ಥ ಭ್ರೂಣದಲ್ಲಿ ಸುಮಾರು ಆರನೆಯ ವಾರದವರೆಗೂ ಹೆಣ್ಣು-ಗಂಡು ಎಂಬ ಅಂಗಭೇದ ಕಾಣಿಸುವುದಿಲ್ಲ. ಶಿಶ್ನವಾಗಿ ಬೆಳೆಯುವುದೂ ಭಗಾಂಕುರವಾಗಿ ಬೆಳೆಯುವುದೂ ಒಂದೇ ಮೂಲಾಂಕುರ. ಒಳಗಡೆ ಎರಡು ಜೊತೆ ನಾಳಗಳಿರುತ್ತವೆ. ಅವುಗಳಲ್ಲಿ ಮುಲ್ಲೇರಿಯನ್ ನಾಳಗಳು ಗರ್ಭಕೋಶವೂ ಅಂಡನಾಳಗಳೂ ಆಗಿ ರೂಪುಗೊಳ್ಳುತ್ತವೆ. ಗಂಡು ಭ್ರೂಣದಲ್ಲಿ ಇವು ಕರಗಿಹೋಗುವುದು ವೃಷಣಗಳು ಸ್ರವಿಸುವ ಬೇರೊಂದು ಹಾರ್ಮೋನಿನಿಂದಲೇ ಹೊರತು ಟೆಸ್ಟೋಸ್ಟೆರಾನಿನಿಂದಲ್ಲ. ವೃಷಣದಲ್ಲಿ ಇಂತಹ ಎರಡನೆಯ ಅಂಶವೊಂದಿದೆ ಎಂಬುದನ್ನು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಅವರು ಮೊಲದ ಭ್ರೂಣಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟದ್ದು 1940ರ ದಶಕದ ಕೊನೆಯಲ್ಲಿ. ಆ ಹಾರ್ಮೋನು ಆ ನಾಳಗಳನ್ನು ಕರಗಿಸಬಲ್ಲದ್ದು ಭ್ರೂಣಾವಸ್ಥೆಯ ಕೆಲವು ವಾರಗಳಲ್ಲಿ ಮಾತ್ರ. ಆದುದರಿಂದ ಪ್ರಾಯಕ್ಕೆ ಬಂದ ವ್ಯಕ್ತಿ ಟೆಸ್ಟೋಸ್ಟೆರಾನನ್ನು ಎಷ್ಟು ವರ್ಷ ತೆಗೆದುಕೊಂಡರೂ ಗರ್ಭಕೋಶ, ಅಂಡಾಶಯ, ಗರ್ಭಕೊರಳುಗಳು ಮಾಯವಾಗುವುದಿಲ್ಲ. ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮುಟ್ಟು ನಿಲ್ಲುತ್ತದೆ, ಭಗಾಂಕುರ ಬೆಳೆಯುತ್ತದೆ, ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಆದರೆ ಮುಟ್ಟು ನಿಂತಿತೆಂದ ಮಾತ್ರಕ್ಕೆ ಅಂಡೋತ್ಪತ್ತಿ ಸಂಪೂರ್ಣವಾಗಿ ನಿಂತಿತೆಂದು ಹೇಳಲಾಗದು. ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ ಎಂದು ಇಂದಿನ ವೈದ್ಯರು ಒತ್ತಿಹೇಳುವುದು ಈ ಕಾರಣದಿಂದ. ದನಿ ಬದಲಾದುದು ಹೊರಗಿನವರಿಗೆ ಕೇಳಿಸುತ್ತದೆ. ಒಳಗೆ ಉಳಿದಿರುವುದು ಯಾರಿಗೂ ಕಾಣಿಸುವುದಿಲ್ಲ. ಹಾಗಾಗಿ ಅದರ ಬಗೆಗಿನ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ.

4

ರಕ್ತದಲ್ಲಿ ಸಕ್ಕರೆಯ ಅಂಶ ಕಡಿಮೆಯಾಗುವ ತೊಂದರೆ ಡಿಲ್ಲನ್ ಅವರಿಗಿತ್ತು. ಈ ಕಾರಣದಿಂದ ಬಿದ್ದು ಗಾಯಗೊಂಡು ಬ್ರಿಸ್ಟಲ್ಲಿನ ಆಸ್ಪತ್ರೆಗೆ ಸೇರಿದಾಗ ಪ್ಲಾಸ್ಟಿಕ್ ಸರ್ಜರಿಯ ವೈದ್ಯರೊಬ್ಬರ ಪರಿಚಯವಾಯಿತು. ಬೆಳೆದ ಸ್ತನದ ಅಂಗಾಂಶವನ್ನು ಹಾರ್ಮೋನು ಅಳಿಸಲಾರದು. ಆ ವೈದ್ಯರು 1942ರಲ್ಲಿ ಎರಡೂ ಸ್ತನಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಜನನ ದಾಖಲೆಯನ್ನು ತಿದ್ದಿಸಿಕೊಳ್ಳುವುದಕ್ಕೆ ಬೇಕಾದ ಪ್ರಮಾಣಪತ್ರವನ್ನೂ ಕೊಟ್ಟರು. 1944ರಲ್ಲಿ ಲಾರೆನ್ಸ್ ಮೈಕೇಲ್ ಡಿಲ್ಲನ್ ಎಂಬ ಹೆಸರು ಅಧಿಕೃತವಾಯಿತು. ಅದೇ ವೈದ್ಯರು ಇವರನ್ನು ಸರ್ ಹೆರಾಲ್ಡ್ ಗಿಲೀಸ್ ಅವರ ಬಳಿಗೆ ಕಳುಹಿಸಿದರು.

ನ್ಯೂಜಿಲೆಂಡಿನಲ್ಲಿ ಹುಟ್ಟಿದ ಗಿಲೀಸ್ ಅವರು ಮೊದಲನೆಯ ಮಹಾಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರಿಗೆ ಮುಖ ಕಟ್ಟಿಕೊಟ್ಟು ಹೆಸರಾದವರು. ಚರ್ಮದ ಪಟ್ಟಿಯನ್ನು ದೇಹದಿಂದ ಪೂರ್ತಿ ಬೇರ್ಪಡಿಸದೆ, ಕೊಳವೆಯಂತೆ ಸುತ್ತಿ ಹೊಲಿದು, ರಕ್ತಸಂಚಾರ ಕೆಡದಂತೆ ಹಂತಹಂತವಾಗಿ ಬೇಕಾದ ಸ್ಥಳಕ್ಕೆ ಸಾಗಿಸುವುದು ಅವರು 1917ರಲ್ಲಿ ರೂಢಿಗೆ ತಂದ ವಿಧಾನ. ಒಂದು ಕೊಳವೆಯೊಳಗೆ ಇನ್ನೊಂದನ್ನಿಟ್ಟರೆ ಒಳಗಿನದು ಮೂತ್ರನಾಳವಾಗುತ್ತದೆ, ಹೊರಗಿನದು ಶಿಶ್ನದ ರೂಪ ಪಡೆಯುತ್ತದೆ. ಯುದ್ಧದಲ್ಲಿ ಗಾಯಗೊಂಡವರಿಗಾಗಿ ಬೆಳೆದ ಈ ವಿದ್ಯೆ 1946ರಿಂದ 1949ರವರೆಗೆ, ಬೇಸಿಂಗ್‌ಸ್ಟೋಕಿನ ರೂಕ್ಸ್‌ಡೌನ್ ಹೌಸ್ ಆಸ್ಪತ್ರೆಯಲ್ಲಿ, ಕನಿಷ್ಠ 13 ಶಸ್ತ್ರಚಿಕಿತ್ಸೆಗಳ ಮೂಲಕ ಡಿಲ್ಲನ್ ಅವರಿಗೆ ಒದಗಿತು. ಇಷ್ಟೊಂದು ಬಾರಿ ಕತ್ತರಿಸಿ ಹೊಲಿಯಬೇಕಾಗಿ ಬಂದದ್ದು ವಿಧಾನದ ಸ್ವರೂಪದಿಂದ. ಪ್ರತಿ ಹಂತದಲ್ಲಿಯೂ ಹೊಸ ರಕ್ತನಾಳಗಳು ಬೆಳೆಯುವವರೆಗೆ ಕಾಯಲೇಬೇಕಿತ್ತು. ಇಂತಹ ಪುನಾರಚನೆಯಿಂದ ನಿಂತು ಮೂತ್ರ ಮಾಡುವುದು ಸಾಧ್ಯವಾದೀತು. ವೀರ್ಯೋತ್ಪತ್ತಿಯಾಗಲಿ ಸಂತಾನಶಕ್ತಿಯಾಗಲಿ ಬರಲಾರದು. ಅದನ್ನು ಅರಿತೇ ಡಿಲ್ಲನ್ ಅವರು ಈ ದಾರಿಯನ್ನು ಹಿಡಿದರು.

ಆಸ್ಪತ್ರೆಯ ದಾಖಲೆಯಲ್ಲಿ ಗಿಲೀಸ್ ಅವರು ಬರೆದ ರೋಗನಿರ್ಣಯ ತೀವ್ರ ಹೈಪೊಸ್ಪೇಡಿಯಾಸ್. ಗಂಡುಮಗುವಿನಲ್ಲಿ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಹುಟ್ಟುದೋಷವಿದು. ತೀವ್ರವಾಗಿದ್ದರೆ ಮಗುವನ್ನು ಹೆಣ್ಣೆಂದು ತಪ್ಪಾಗಿ ಗ್ರಹಿಸುವುದೂ ಉಂಟು. ರೋಗಿಯನ್ನು ಕಾಪಾಡುವುದಕ್ಕಾಗಿ ಬರೆದ ಈ ಸುಳ್ಳು ಸದುದ್ದೇಶದ್ದೇ. ಆದರೆ ಡಿಲ್ಲನ್ ಅವರ ದೇಹದ ಅಧಿಕೃತ ವಿವರಣೆ ಆ ಗಳಿಗೆಯಿಂದ ನಿಜವಾದ ದೇಹದಿಂದ ಬೇರೆಯಾಯಿತು. ದಾಖಲೆ ಅವರನ್ನು ಪುರುಷರೆಂದು ಒಪ್ಪಿದ್ದು, ಅವರ ದೇಹದ ಚರಿತ್ರೆಯನ್ನು ಅಳಿಸಿಹಾಕುವ ಷರತ್ತಿನ ಮೇಲೆ.

5

ಈ ಶಸ್ತ್ರಚಿಕಿತ್ಸೆಗಳ ನಡುವೆಯೇ ಡಿಲ್ಲನ್ ಅವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದರು. ಹಿಂದಿನ ಪದವಿ ಮಹಿಳಾ ಸಂಸ್ಥೆಯದೆಂದು ತಿಳಿದರೆ ಗುಟ್ಟು ಬಯಲಾಗುತ್ತಿತ್ತು. ಹಳೆಯ ಅಧ್ಯಾಪಕರೊಬ್ಬರ ನೆರವಿನಿಂದ, ಪುರುಷರ ಕಾಲೇಜಾದ ಬ್ರೇಸ್‌ನೋಸ್‌ನಲ್ಲಿ ಓದಿದಂತೆ ಆಕ್ಸ್‌ಫರ್ಡಿನ ದಾಖಲೆಯನ್ನು ಬದಲಾಯಿಸಲಾಯಿತು. ಸಹಪಾಠಿಗಳೊಡನೆ ದೋಣಿ ನಡೆಸುತ್ತ, ಶಸ್ತ್ರಚಿಕಿತ್ಸೆಯಿಂದ ಬಂದ ಕುಂಟಿಗೆ ಯುದ್ಧದ ಗಾಯವನ್ನು ಕಾರಣವಾಗಿ ಹೇಳುತ್ತ ಅವರು ಓದು ಮುಂದುವರಿಸಿದರು. 1951ರಲ್ಲಿ ವೈದ್ಯರಾದರು.

1946ರಲ್ಲಿ ಪ್ರಕಟವಾದ ಅವರ ‘ಸೆಲ್ಫ್’ ಎಂಬ ಗ್ರಂಥ ನೀತಿಶಾಸ್ತ್ರವನ್ನೂ ಅಂತಃಸ್ರಾವಶಾಸ್ತ್ರವನ್ನೂ ಒಟ್ಟಿಗೆ ಕೈಗೆತ್ತಿಕೊಂಡಿತು. ಮನಸ್ಸನ್ನು ದೇಹಕ್ಕೆ ಹೊಂದಿಸುವುದು ಸಾಧ್ಯವಾಗದ ಕಡೆ ದೇಹವನ್ನು ಮನಸ್ಸಿಗೆ ಹೊಂದಿಸುವುದೇ ನ್ಯಾಯ ಎಂಬುದು ಅದರ ತಿರುಳು. ಅನ್ಯರ ದೇಹವನ್ನು ಕುರಿತು ತೀರ್ಪು ಕೊಡುವ ಮೊದಲು ಅದರ ರಸಾಯನವನ್ನು ತಿಳಿಯಬೇಕೆಂಬ ನಿಲುವು ಅಲ್ಲಿದೆ. ಆದರೆ ಲೇಖಕ ತನ್ನನ್ನು ಎಲ್ಲಿಯೂ ಬಹಿರಂಗಪಡಿಸಿಕೊಳ್ಳಲಿಲ್ಲ. ‘ತಾನು’ ಎಂಬ ಅರ್ಥದ ಶೀರ್ಷಿಕೆಯ ಗ್ರಂಥದಲ್ಲಿ ಆ ‘ತಾನು’ ಪ್ರಥಮಪುರುಷದಲ್ಲಿಯೇ ಉಳಿಯಿತು. ಶಾಸ್ತ್ರದ ಭಾಷೆ ಅವರಿಗೆ ಮಾತನಾಡುವ ಅವಕಾಶ ಕೊಟ್ಟಿತು, ಜೊತೆಗೆ ಮುಸುಕನ್ನೂ ಕೊಟ್ಟಿತು.

ಆ ಮುಸುಕನ್ನು ಸರಿಸಿ ನೋಡಿದ ಓದುಗರೊಬ್ಬರಿದ್ದರು. ಯುದ್ಧವಿಮಾನದ ಚಾಲಕರೂ ಮೋಟಾರು ಪಂದ್ಯಗಳ ಸ್ಪರ್ಧಿಯೂ ಆಗಿದ್ದ ರಾಬರ್ಟಾ ಕೋವೆಲ್ ಅವರು ಗ್ರಂಥವನ್ನು ಓದಿ ಲೇಖಕರನ್ನು ಸಂಪರ್ಕಿಸಿದರು. ಹೆಣ್ಣಾಗಿ ಬದುಕಬೇಕೆಂಬುದು ಅವರ ಹಂಬಲ. ವೃಷಣಗಳನ್ನು ತೆಗೆಯುವುದು ಆಗಿನ ಬ್ರಿಟಿಷ್ ಕಾನೂನಿನಲ್ಲಿ ಅಂಗಹಾನಿಯ ಅಪರಾಧವಾಗುತ್ತಿದ್ದುದರಿಂದ ವೈದ್ಯರಾರೂ ಮುಂದೆ ಬರಲಿಲ್ಲ. ಇನ್ನೂ ಪದವಿ ಕೈಗೆ ಬಾರದಿದ್ದ ಡಿಲ್ಲನ್ ಅವರು ಗುಟ್ಟಾಗಿ ಆ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಅದರ ಬಲದ ಮೇಲೆ ಗಿಲೀಸ್ ಅವರು 1951ರಲ್ಲಿ ಮುಂದಿನ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಡಿಲ್ಲನ್ ಅವರು ಕೋವೆಲ್ ಅವರನ್ನು ಪ್ರೀತಿಸಿದರು, ಮದುವೆಯಾಗಲು ಬಯಸಿದರು. ಆ ಪ್ರೀತಿಗೆ ಪ್ರತಿಸ್ಪಂದನ ದೊರೆಯಲಿಲ್ಲ. ಅದೇ ಹೊತ್ತಿಗೆ ಡಿಲ್ಲನ್ ಅವರು ನೆಲದ ಬದುಕನ್ನು ತೊರೆದು ವ್ಯಾಪಾರಿ ಹಡಗುಗಳ ವೈದ್ಯರಾಗಿ ಕಡಲನ್ನು ಆಶ್ರಯಿಸಿದರು.

6

ಕಡಲು ಕೊಟ್ಟ ಅಜ್ಞಾತವಾಸ ಆರು ವರ್ಷ ಉಳಿಯಿತು. ಇಂಗ್ಲೆಂಡಿನ ಕುಲೀನ ಮನೆತನಗಳ ವಂಶಾವಳಿಗಳನ್ನು ಪ್ರಕಟಿಸುವ ಎರಡು ಪ್ರಸಿದ್ಧ ಕೋಶಗಳಿವೆ. ಅವುಗಳಲ್ಲಿ ಡಿಬ್ರೆಟ್ ಅವರ ಕೋಶ ಮೈಕೇಲ್ ಡಿಲ್ಲನ್ ಅವರನ್ನು ಬ್ಯಾರನೆಟ್ ಪದವಿಯ ಉತ್ತರಾಧಿಕಾರಿಯೆಂದು ನಮೂದಿಸಿತ್ತು. ಬರ್ಕ್ ಅವರ ಕೋಶದಲ್ಲಿ ಬ್ಯಾರನೆಟ್ಟರಿಗೆ ತಮ್ಮನಿರಲಿಲ್ಲ, ತಂಗಿಯಿದ್ದಳು. ಈ ಪಾಠಾಂತರವನ್ನು ಗಮನಿಸಿದ ಪತ್ರಿಕೆಯವರು 1958ರಲ್ಲಿ ಅದನ್ನು ಸುದ್ದಿಯಾಗಿಸಿದರು. ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳ ನಡುವಿನ ಭೇದ ವಿದ್ವಾಂಸರ ಚರ್ಚೆಗೆ ಎಡೆಮಾಡಿಕೊಡುತ್ತದೆ. ಇಲ್ಲಿ ಅಂತಹ ಒಂದು ಭೇದ ಮನುಷ್ಯನೊಬ್ಬನ ಬದುಕನ್ನೇ ಕದಡಿತು. ಡಿಲ್ಲನ್ ಅವರ ಹಡಗು ಆಗ ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿತ್ತು. ಪತ್ರಕರ್ತರು ಹುಡುಕಿಕೊಂಡು ಬಂದಾಗ ಅವರು ಹೈಪೊಸ್ಪೇಡಿಯಾಸಿನ ಹಳೆಯ ವಿವರಣೆಯನ್ನೇ ಮುಂದಿಟ್ಟರು. ಅದನ್ನು ಕೇಳುವ ಸಹನೆ ಯಾರಿಗೂ ಇರಲಿಲ್ಲ. ಹಡಗಿನ ಕೆಲಸ ಬಿಟ್ಟು ಅವರು ಭಾರತಕ್ಕೆ ಬಂದರು.

7

ಕಾಲಿಂಪೊಂಗಿನಲ್ಲಿ ಆಂಗ್ಲ ಭಿಕ್ಷು ಸಂಘರಕ್ಷಿತರ ಬಳಿ ಕೆಲಕಾಲವಿದ್ದು, ಅನಂತರ ಸಾರನಾಥದಲ್ಲಿ ಥೇರವಾದವನ್ನು ಅಭ್ಯಾಸ ಮಾಡಿದರು. ಅವರು ತಳೆದ ಹೆಸರು ಜೀವಕ. ಬುದ್ಧನಿಗೂ ಅವನ ಸಂಘಕ್ಕೂ ಚಿಕಿತ್ಸೆ ಮಾಡಿದ ರಾಜಗೃಹದ ವೈದ್ಯನ ಹೆಸರಿದು. ವೈದ್ಯನೊಬ್ಬ ಸಂಘವನ್ನು ಸೇರುವಾಗ ಇದಕ್ಕಿಂತ ಉಚಿತವಾದ ಹೆಸರು ಸಿಕ್ಕದು. ಆದರೆ ಇದರಲ್ಲಿ ವಿಪರ್ಯಾಸವೂ ಇದೆ. ಜೀವಕನ ಚಿಕಿತ್ಸೆಯ ಆಸೆಯಿಂದಲೇ ರೋಗಿಗಳು ಸಂಘ ಸೇರತೊಡಗಿದಾಗ, ಅಂತಹವರಿಗೆ ದೀಕ್ಷೆ ಕೊಡಬಾರದೆಂದು ಬುದ್ಧನಲ್ಲಿ ಬಿನ್ನವಿಸಿದವನು ಆ ವೈದ್ಯನೇ ಎಂದು ವಿನಯಪಿಟಕದ ಮಹಾವಗ್ಗ ತಿಳಿಸುತ್ತದೆ. ದೀಕ್ಷಾರ್ಥಿಯ ದೇಹವನ್ನು ಪ್ರಶ್ನಿಸುವ ಕ್ರಮದಲ್ಲಿ ರೋಗದ ಪ್ರಶ್ನೆಗಳು ಹೀಗೆ ಸೇರಿಕೊಂಡವು. ಅದೇ ಪ್ರಶ್ನಾವಳಿಯಲ್ಲಿ ನೀನು ಪುರುಷನೇ ಎಂಬ ಪ್ರಶ್ನೆಯೂ ಇದೆ. ಪಂಡಕ, ಉಭಯವ್ಯಂಜನಕ ಎಂಬ ವರ್ಗಗಳಿಗೆ ಸೇರಿದವರಿಗೆ ಉಪಸಂಪದೆಯಿಲ್ಲವೆಂಬ ನಿಯಮವೂ ಇದೆ.

ಡಿಲ್ಲನ್ ಅವರ ಪೂರ್ವವೃತ್ತಾಂತವನ್ನು ಬಲ್ಲ ಸಂಘರಕ್ಷಿತರು ಅವರ ಭಿಕ್ಷುದೀಕ್ಷೆಯನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಜನನ ನೋಂದಣಿಯಾಗಲಿ ಗಿಲೀಸರ ಶಸ್ತ್ರವಾಗಲಿ ಕೊಟ್ಟ ಉತ್ತರ ವಿನಯದ ಮುಂದೆ ನಿಲ್ಲಲಿಲ್ಲ. ಅದೇ ವಿನಯಪಿಟಕದಲ್ಲಿ ಭಿಕ್ಷುವೊಬ್ಬನಲ್ಲಿ ಸ್ತ್ರೀಲಕ್ಷಣವೂ ಭಿಕ್ಷುಣಿಯೊಬ್ಬಳಲ್ಲಿ ಪುರುಷಲಕ್ಷಣವೂ ಮೂಡಿದ ಪ್ರಸಂಗ ಬರುತ್ತದೆ. ಅವರನ್ನು ಹೊರಹಾಕದೆ, ಅವರವರ ಹೊಸ ಲಕ್ಷಣಕ್ಕೆ ತಕ್ಕ ಸಂಘದಲ್ಲಿ ಮುಂದುವರಿಯಗೊಡಬೇಕೆಂದು ಬುದ್ಧ ವಿಧಿಸಿದನೆಂದು ಅಲ್ಲಿ ಹೇಳಿದೆ. ಒಂದೇ ಗ್ರಂಥ ಎರಡು ದಾರಿಗಳನ್ನು ತೆರೆದಿಟ್ಟಿರುವಾಗ, ಯಾವ ದಾರಿಯನ್ನು ಓದಬೇಕೆಂಬುದು ಓದುವವರ ಆಯ್ಕೆಯೇ ಆಗುತ್ತದೆ. ಡಿಲ್ಲನ್ ಅವರ ಪಾಲಿಗೆ ಮುಚ್ಚಿದ ದಾರಿಯನ್ನೇ ಓದಲಾಯಿತು.

ಅವರು ಟಿಬೆಟನ್ ಸಂಪ್ರದಾಯದ ಕಡೆಗೆ ತಿರುಗಿದರು. 1960ರಲ್ಲಿ, ಶಿಸ್ತಿಗೆ ಹೆಸರಾದ ಲಡಾಖಿನ ರಿಜೊಂಗ್ ಮಠ ಅವರನ್ನು ಶ್ರಾಮಣೇರನಾಗಿ ಸ್ವೀಕರಿಸಿತು. ಅಲ್ಲಿ ಅವರು ಲೋಬ್‌ಜಾಂಗ್ ಜೀವಕರಾದರು. ಬ್ಯಾರನೆಟ್ ಮನೆತನದ ನಲವತ್ತೈದರ ಈ ವೈದ್ಯರು ತಮಗಿಂತ ಬಹಳ ಕಿರಿಯರಾದ ಶ್ರಾಮಣೇರರ ಸಾಲಿನಲ್ಲಿ ಕುಳಿತರು, ಮಠದ ಕೆಲಸಗಳನ್ನು ಮಾಡಿದರು. ಗಡಿಪ್ರದೇಶದಲ್ಲಿ ವಿದೇಶೀಯರು ನೆಲಸುವುದಕ್ಕೆ ನಿರ್ಬಂಧವಿದ್ದುದರಿಂದ ಕೆಲವೇ ತಿಂಗಳುಗಳಲ್ಲಿ ಲಡಾಖನ್ನು ಬಿಡಬೇಕಾಯಿತು. ಆ ದಿನಗಳ ಅನುಭವವನ್ನು ‘ಇಮ್ಜಿ ಗೆತ್ಸುಲ್’ ಎಂಬ ಕೃತಿಯಲ್ಲಿ ನಿರೂಪಿಸಿದರು. ಶೀರ್ಷಿಕೆಯ ಅರ್ಥ ಆಂಗ್ಲ ಶ್ರಾಮಣೇರ ಎಂದು. ಮಿಲರೇಪನ ಜೀವನಚರಿತ್ರೆಯನ್ನೂ ಇಂಗ್ಲಿಷ್ ಓದುಗರಿಗಾಗಿ ಸಿದ್ಧಪಡಿಸಿದರು. ಎರಡೂ 1962ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು.

ಅದೇ ಮೇ ತಿಂಗಳಿನಲ್ಲಿ ಅವರು ಆತ್ಮಕಥನವನ್ನು ಮುಗಿಸಿ ಲಂಡನ್ನಿನ ಸಾಹಿತ್ಯ ಪ್ರತಿನಿಧಿಗೆ ಕಳುಹಿಸಿದರು. ಇದರಲ್ಲಿ ಹೈಪೊಸ್ಪೇಡಿಯಾಸಿನ ಮುಸುಕಿಲ್ಲ. ನಡೆದುದನ್ನು ಉತ್ತಮಪುರುಷದಲ್ಲಿಯೇ ಹೇಳಲಾಗಿದೆ. ಕರ್ತೃವಿನ ಹೆಸರಾಗಿ ಮೈಕೇಲ್ ಡಿಲ್ಲನ್, ಲೋಬ್‌ಜಾಂಗ್ ಜೀವಕ ಎರಡನ್ನೂ ಇಟ್ಟರು. 1962ರ ಮೇ 15ರಂದು ಡಾಲ್‌ಹೌಸಿಯಲ್ಲಿ ಅವರು ತೀರಿಕೊಂಡರು. ಹಸ್ತಪ್ರತಿಯನ್ನು ಸುಡಬೇಕೆಂಬುದು ಅಣ್ಣನ ಇಚ್ಛೆಯಾಗಿತ್ತು. ಸಾಹಿತ್ಯ ಪ್ರತಿನಿಧಿ ಅದಕ್ಕೆ ಒಪ್ಪದೆ ಕಾಪಾಡಿಟ್ಟರು. ‘ಔಟ್ ಆಫ್ ದಿ ಆರ್ಡಿನರಿ’ ಎಂಬ ಹೆಸರಿನಲ್ಲಿ ಅದು ನ್ಯೂಯಾರ್ಕಿನಲ್ಲಿ ಅಚ್ಚಾದದ್ದು 2016ರಲ್ಲಿ, ಕರ್ತೃ ತೀರಿಕೊಂಡ 54 ವರ್ಷಗಳ ಅನಂತರ.

8

ಡಿಲ್ಲನ್ ಅವರ ದೇಹವನ್ನು ಕುರಿತು ಅವರ ಕಾಲದ ಸಂಸ್ಥೆಗಳೆಲ್ಲವೂ ಒಂದೊಂದು ಉತ್ತರ ಕೊಟ್ಟವು. ನೋಂದಣಿ ಕಚೇರಿ ಒಂದನ್ನು, ಆಸ್ಪತ್ರೆ ಇನ್ನೊಂದನ್ನು, ವಂಶಾವಳಿಯ ಕೋಶಗಳು ಪರಸ್ಪರ ವಿರುದ್ಧವಾದ ಎರಡನ್ನು, ವಿನಯ ಮತ್ತೊಂದನ್ನು ಹೇಳಿದವು. ಅವರು ತಾವೇ ವೈದ್ಯರಾದದ್ದನ್ನು ಈ ಉತ್ತರಗಳ ನಡುವೆ ತಮ್ಮದೊಂದು ಉತ್ತರವನ್ನು ಕಂಡುಕೊಳ್ಳುವ ಪ್ರಯತ್ನವಾಗಿಯೂ ಓದಬಹುದು. ಎಲ್ಲರಿಗೂ ಆ ಸೌಲಭ್ಯವಿರುವುದಿಲ್ಲ. ಉತ್ತಮ ವಿದ್ಯಾಭ್ಯಾಸ, ಕುಲೀನ ಮನೆತನದ ಹಿನ್ನೆಲೆ, ದಾಖಲೆ ತಿದ್ದಿಕೊಡುವ ಹಿತೈಷಿಗಳು ಅವರಿಗಿದ್ದರೆಂಬುದನ್ನು ಮರೆಯುವಂತಿಲ್ಲ.

ದೇಹದ ನಿಜವನ್ನು ಮುಚ್ಚಿಡಬೇಕಾದ ಸ್ಥಿತಿ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಅನಂತರದ ಕಾಲ ತೋರಿಸಿಕೊಟ್ಟಿತು. ಅಮೆರಿಕದ ಟ್ರಾನ್ಸ್ ಪುರುಷ ರಾಬರ್ಟ್ ಈಡ್ಸ್ ಅವರ ಅಂಡಾಶಯದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಾಗ ಅನೇಕ ವೈದ್ಯರು ಅವರನ್ನು ರೋಗಿಯಾಗಿ ಸ್ವೀಕರಿಸಲು ನಿರಾಕರಿಸಿದರು. 1999ರಲ್ಲಿ ಅವರು ತೀರಿಕೊಂಡರು. ಗಡ್ಡವಿರುವ ವ್ಯಕ್ತಿಗೆ ಅಂಡಾಶಯವಿರಬಹುದೆಂಬುದನ್ನು ಭ್ರೂಣಶಾಸ್ತ್ರ ಎಂದೋ ವಿವರಿಸಿತ್ತು. ಚಿಕಿತ್ಸಾಲಯದ ಬಾಗಿಲು ಅದನ್ನು ಅರಿತಿರಲಿಲ್ಲ. ಗರ್ಭಕೊರಳು ಉಳಿದಿರುವವರೆಲ್ಲರಿಗೂ, ಅವರು ಪುರುಷರೇ ಆಗಿರಲಿ, ಅದರ ಕ್ಯಾನ್ಸರ್ ತಪಾಸಣೆ ಅಗತ್ಯ ಎಂಬುದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳ ನಿಲುವು. ದೇಹದಲ್ಲಿ ಯಾವ ಅಂಗವಿದೆಯೋ ಅದನ್ನು ನೋಡಿಕೊಳ್ಳಬೇಕು. ಅಂಗದ ಹೆಸರಿನಿಂದ ವ್ಯಕ್ತಿಯ ಹೆಸರನ್ನು ನಿರ್ಧರಿಸಬಾರದು. ಡಿಲ್ಲನ್ ಅವರು 1946ರಲ್ಲಿ ಪ್ರಥಮಪುರುಷದ ಮರೆಯಲ್ಲಿ ಮಂಡಿಸಿದ ವಿಚಾರ ಇದಕ್ಕೆ ದೂರದ್ದಲ್ಲ. ಅದನ್ನು ಉತ್ತಮಪುರುಷದಲ್ಲಿ ಹೇಳುವ ಧೈರ್ಯ ಅವರಿಗೆ ಬಂದದ್ದು ಕೊನೆಯ ದಿನಗಳಲ್ಲಿ. ಅದನ್ನು ಕೇಳುವ ಸಿದ್ಧತೆ ಓದುಗಲೋಕಕ್ಕೆ ಬರಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಆತ್ಮಕಥನವೆಂಬ ಪ್ರಕಾರದ ಚರಿತ್ರೆಯನ್ನು ಬರೆಯುವವರು ಪ್ರಕಟವಾದ ಕೃತಿಗಳನ್ನು ಮಾತ್ರವಲ್ಲದೆ, ಹೀಗೆ ಕಾಯಿಸಲ್ಪಟ್ಟ ಕೃತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.